ಮುನ್ನೂರು ಜನರ ಸಾಂಬಾರು

ನಮ್ಮವರ ಮೂಗು ಹೋಗಿ ಮೂರು ವರ್ಷವಾಯಿತು. ಮುಖದ ಮೇಲೆ ಉಂಟು, ನೋಡಲಿಕ್ಕೂ ಚಂದವೇ, ಕೆಲಸಕ್ಕಿಲ್ಲ ಅಷ್ಟೆ. ಆ ಕೊರೋನಾ ಜ್ವರ ಬಿಟ್ಟು ಹೋಗುವಾಗ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಒಟ್ಟಿಗೇ ತೆಗೆದುಕೊಂಡು ಹೋಯಿತು. ಬೇರೆಯವರಾದರೆ ಡಾಕ್ಟರರ ಹತ್ತಿರ ಓಡುತ್ತಿದ್ದರು. ಇವರು ಮೋನಪ್ಪ, ಮುಂಬಯಿಯ ವಿಲೆ ಪಾರ್ಲೆಯ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಅಡುಗೆ ಮಾಡಿದವರು. ದೇವರ ಪಟದೆದುರು ಎಡೆ ಇಡುವ ಮೊದಲು ರುಚಿ ನೋಡಬಾರದೆಂಬ ನೇಮ ಅಲ್ಲಿ. ಹಾಗಾಗಿ ಕುದಿಯುವ ಆವಿ ಮೂಸಿಯೇ ಉಪ್ಪು ಎಷ್ಟೆಂದು ಹೇಳುತ್ತಿದ್ದರು. ಅಂಥವರು ಮೂಗು ಹೋಯಿತೆಂದು ಬಾಯಿ ಬಿಟ್ಟಾರಾ? ಮೊಣಕಾಲು ನೋವೆಂದು ಹೇಳಿ ಕೆಲಸ ಬಿಟ್ಟರು. ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ.

ಹೆಂಡತಿ ನಾನು, ನನಗೂ ಹೇಳಲಿಲ್ಲ. ಒಂದು ದಿನ ಹಳಸಿದ ಸಾರನ್ನು ಚಪ್ಪರಿಸಿ ಉಂಡರು, ಆಗ ಗೊತ್ತಾಯಿತು. ಆದರೂ ದಹಿಸರಿನ ನಮ್ಮ ಮನೆಯಲ್ಲಿ ಸಾಂಬಾರು ಮಾಡುವುದು ಅವರೇ. ನನ್ನ ಕೈಗೆ ಸೌಟು ಕೊಡುವ ಜನ ಅಲ್ಲ. ಮೊದಮೊದಲು ಉಪ್ಪು ಹೆಚ್ಚುಕಡಿಮೆ ಆಗುತ್ತಿತ್ತು. ಆಮೇಲೆ ಹಾಕುವುದನ್ನೇ ಮರೆಯತೊಡಗಿದರು, ಪಾಪ. ಅವರು ಅಡುಗೆಮನೆ ಬಾಗಿಲಿನ ಹೊರಗಿನ ಬೇಸಿನ್ನಿನಲ್ಲಿ ಕೈ ತೊಳೆಯುವಾಗ ನಾನು ಚಮಚ ಉಪ್ಪು ಹಾಕಿ, ತಿರುವಿ, ರುಚಿ ನೋಡಿ, ಏನೂ ಅರಿಯದವಳ ಹಾಗೆ ಟಿವಿ ಮುಂದೆ ಕೂರುತ್ತಿದ್ದೆ. ಉಣ್ಣುವಾಗ ದಿನಾ ಕೇಳುವರು, "ಹೇಗುಂಟು?"

"ನಿಮ್ಮ ಕೈ ಅಲ್ವಾ," ಎನ್ನುವೆ. ಮೀಸೆ ತಿರುವಿಕೊಳ್ಳುವರು.

ಹೀಗಿರುವಾಗ ಕೆಳಗಿನ ಮನೆಯ ಜೆಸಿಂತಾ ಬಾಯಮ್ಮ ಬಂದರು. "ಕೊಂಕಣದಲ್ಲಿ ನೆರೆ ಬಂದದ್ದು ಗೊತ್ತುಂಟಲ್ಲ? ನಮ್ಮ ಇಗರ್ಜಿಯಿಂದ ಬಸ್ ಹೋಗ್ತದೆ. ಮುನ್ನೂರು ಜನರಿಗೆ ಅಡುಗೆ ಆಗಬೇಕು. ಮೋನಪ್ಪಣ್ಣ, ಬರ್ತೀರಾ?"

ನಾನು ಕೆಮ್ಮುವ ಮೊದಲೇ ಇವರು ಒಪ್ಪಿ ಆಗಿತ್ತು. ಮೂರು ವರ್ಷದಿಂದ ಯಾರೂ ಅಡುಗೆಗೆ ಕರೆದಿರಲಿಲ್ಲ. ಆ ಮುಖ ನೋಡಿ ಬೇಡವೆನ್ನಲು ನನಗೂ ಮನಸ್ಸು ಬರಲಿಲ್ಲ. ಆದರೆ ಮುನ್ನೂರು ಜನರೆದುರು ಮೋನಪ್ಪನ ಕೈ ಕೆಟ್ಟಿತೆಂದು ಆದರೆ ಈ ಮನುಷ್ಯ ಮತ್ತೆ ಒಲೆಯ ಹತ್ತಿರ ಹೋಗುವವರಲ್ಲ. ನಾನೂ ಹೊರಟೆ.

"ನಿನಗೆ ಅಲ್ಲಿ ಎಂಥ ಕೆಲಸ?" ಎಂದರು.

"ಸಮಾಜಸೇವೆ," ಎಂದೆ.

ಬೆಳಗಿನ ಜಾವ ಬಸ್ ಬಿಟ್ಟಿತು. ದಾರಿಯುದ್ದಕ್ಕೂ ಇಗರ್ಜಿಯವರು ಏಸುವಿನ ಹಾಡು ಹಾಡಿದರು, ಇವರು ಇಂಗಿನ ವಿಷಯ ಮಾತಾಡಿದರು. ನೆರೆ ಬಂದ ಊರಿನಲ್ಲಿ ಇಳಿದು ನೋಡಿದೆವು. ನೀರು ಇಳಿದಿತ್ತು, ಮನೆಗಳೊಳಗೆ ಮೊಣಕಾಲುದ್ದ ಕೆಸರು. ಯಾರದೋ ಫ್ರಿಜ್ಜು ಗಟಾರದಲ್ಲಿ ಅಂಗಾತ ಮಲಗಿತ್ತು. ಜನ ನಾಲ್ಕು ದಿನದಿಂದ ಬಿಸ್ಕೀಟು ತಿಂದುಕೊಂಡಿದ್ದರು.

ಶಾಲೆಯ ಜಗಲಿಯಲ್ಲಿ ಒಲೆ ಹೂಡಿ ಇವರು ಅಪ್ಪಣೆ ಕೊಟ್ಟರು: "ಫಾದರ್ ಪ್ರಾರ್ಥನೆ ಮುಗಿಸುವ ತನಕ ಯಾರೂ ರುಚಿ ನೋಡಬಾರದು." ಫಾದರ್ ಸಣ್ಣ ಪ್ರಾಯದವರು, ಎಂಥ ಶ್ರದ್ಧೆ ಎಂದು ಕರಗಿಯೇ ಹೋದರು. ಆ ಶ್ರದ್ಧೆ ಎಂಥದ್ದೆಂದು ನನಗಲ್ಲವಾ ಗೊತ್ತು.

ನಾನು ಕೊಪ್ಪರಿಗೆಯ ಹತ್ತಿರವೇ ನಿಲ್ಲುವ ಲೆಕ್ಕ ಹಾಕಿದ್ದೆ. ಜೆಸಿಂತಾ ಬಾಯಮ್ಮ ಬಿಡಬೇಕಲ್ಲ. "ಸಮಾಜಸೇವೆಗೆ ಬಂದದ್ದಂತೆ, ಬನ್ನಿ ಶೀಲಕ್ಕ," ಎಂದು ಕೈಗೆ ಸಲಿಕೆ ಕೊಟ್ಟು ಕೆಸರೆತ್ತಲು ಎಳೆದುಕೊಂಡು ಹೋದರು. ಎರಡು ಗಂಟೆ ಬಿಡಲಿಲ್ಲ. ಸೊಂಟ ಹಿಡಿದುಕೊಂಡು ವಾಪಸು ಬರುವಾಗ ಜನ ತಟ್ಟೆ ಇಟ್ಟುಕೊಂಡು ಸಾಲಾಗಿ ಕೂತಾಗಿತ್ತು, ಫಾದರ್ ಕೈ ಮುಗಿದಾಗಿತ್ತು.

ಎಲ್ಲರೂ ಕಣ್ಣು ಮುಚ್ಚಿದರು. ನಾನು ಗಡಿಬಿಡಿಯಲ್ಲಿ ಕೈ ತೊಳೆದು ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟು ನೆಕ್ಕಿದೆ. ಹುಳಿ, ಖಾರ, ಬೆಲ್ಲ ಎಲ್ಲ ಅದರದರ ಜಾಗದಲ್ಲಿತ್ತು. ಉಪ್ಪು ಮಾತ್ರ ಒಂದು ಕಲ್ಲೂ ಇಲ್ಲ. ಉಪ್ಪಿನ ಪ್ಯಾಕೆಟು ಒಡೆಯದೆ ಪಕ್ಕದಲ್ಲೇ ಕೂತಿತ್ತು. ಹಲ್ಲಿನಿಂದ ಹರಿದು ಮುಷ್ಟಿ ಮುಷ್ಟಿ ಸುರಿದೆ. ಫಾದರ್ ನೆರೆಗೆ ಸಿಕ್ಕಿದವರಿಗಾಗಿ, ತೀರಿಕೊಂಡವರಿಗಾಗಿ, ಬಸ್ಸಿನ ಡ್ರೈವರನಿಗಾಗಿಯೂ ಬೇಡಿಕೊಂಡರು. ಪ್ರಾರ್ಥನೆ ಉದ್ದವಾಗಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬಯಸಿದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು. ತಲೆ ಎತ್ತಿದರೆ ಕೊಪ್ಪರಿಗೆಯ ಆಚೆ ಇವರು, ಎರಡೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಾರೆ. ಮೂರು ವರ್ಷ ಕಾಪಾಡಿದ ಮಾನ ಅವರೆದುರೇ ಮಣ್ಣುಪಾಲಾಯಿತೆಂದುಕೊಂಡೆ. ಇವರು ಉದ್ದದ ಹುಟ್ಟು ತೆಗೆದು ಸದ್ದಾಗದಂತೆ ತಿರುವಿದರು. ಆಮೇಲೆ ಗಲ್ಲ ಎತ್ತಿ, ಸಾಕಾ ಎಂದು ಸನ್ನೆಯಲ್ಲೇ ಕೇಳಿದರು. ನಾನು ಮತ್ತೆ ನೆಕ್ಕಿ ಒಂದು ಬೆರಳು ತೋರಿಸಿದೆ. ಇನ್ನೊಂದು ಮುಷ್ಟಿಯನ್ನು ಅವರೇ ಹಾಕಿದರು. ಆಮೆನ್ ಎನ್ನುವಾಗ ಎಲ್ಲರಿಗಿಂತ ಜೋರಾಗಿ ಕೇಳಿದ್ದು ಇವರ ಸ್ವರ.

ಜನ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಒಬ್ಬ ಅಜ್ಜಿ ತಟ್ಟೆಯನ್ನು ಬೆರಳಿನಿಂದಲೇ ಒರೆಸಿ ಇಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಿಲ್ಲ. "ಮುನ್ನೂರು ಜನರ ಅಡುಗೆಗೆ ಉಪ್ಪು ಮರೆಯುವುದಾ?" ಎಂದು ರೇಗಿದೆ.

"ಮರೆತದ್ದಲ್ಲ ಮಾರಾಯ್ತಿ, ರೂಢಿ. ಮೂರು ವರ್ಷದಿಂದ ನಾನೆಲ್ಲಿ ಉಪ್ಪು ಹಾಕ್ತೇನೆ? ನೀನು ಹಾಕ್ತಿಯಲ್ಲ."

"ನಿಮಗೆ ಹೇಗೆ ಗೊತ್ತು?"

"ಬೇಸಿನ್ನಿನ ಕನ್ನಡಿಯಲ್ಲಿ ಒಲೆ ಕಾಣ್ತದೆ."

ಕರ್ಮವೇ, ಮೂರು ವರ್ಷ ನಾನು ಟಿವಿ ಮುಂದೆ ಸುಮ್ಮನೆ ಕೂತದ್ದಾಯಿತು. "ಮತ್ತೆ ದಿನಾ ಹೇಗುಂಟು ಹೇಗುಂಟು ಅಂತ ಕೇಳುವುದು ಯಾಕೆ?"

"ನೀನು ಹಾಕಿದ್ದು ಸರಿಯಾಯ್ತಾ ಅಂತ."

ಸಿಟ್ಟು ಬಂತು, ಅಳುವೂ ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಅಷ್ಟರಲ್ಲಿ ಮುಂದಿನ ಸೀಟಿನಿಂದ ಜೆಸಿಂತಾ ಬಾಯಮ್ಮ ಹೊರಳಿದರು. "ಮೋನಪ್ಪಣ್ಣ, ಬರುವ ಆದಿತ್ಯವಾರ ಇನ್ನೊಂದು ಊರಿಗೆ ಹೋಗ್ಲಿಕ್ಕುಂಟು. ಬರ್ತೀರಲ್ಲ?"

ಇವರು ಮೀಸೆ ಒರೆಸಿಕೊಂಡರು. "ಇವಳು ಬಂದರೆ ಬರ್ತೇನೆ ಬಾಯಮ್ಮ," ಎಂದರು, ಇಡೀ ಬಸ್ಸಿಗೆ ಕೇಳುವ ಹಾಗೆ. "ನನಗೆ ಈಗ ರುಚಿ ಗೊತ್ತಾಗುವುದಿಲ್ಲ. ಉಪ್ಪು ನೋಡುವುದು ಇವಳೇ."

ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದೆ, "ಬರ್ತೇವೆ ಬಾಯಮ್ಮ. ಕೆಸರೆತ್ತಲಿಕ್ಕೆ ಮಾತ್ರ ಬೇರೆ ಜನ ನೋಡಿ."