ಇಲ್ಲದ ಮಗಳ ಮದುವೆ ಗೌನು

"ಮಗಳ ಮದುವೇನಾ ಮೇಡಂ?" ಎಂದು ಅಂಗಡಿಯ ಹುಡುಗಿ ಕೇಳಿದಾಗ ಡ್ರೈವರಮ್ಮ "ಹೂಂ" ಅಂದುಬಿಟ್ಟಳು.

ಅನ್ನಬೇಕೆಂದು ಅಂದದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಏಳನೇ ನಂಬರ್ ಬಸ್ಸು ಓಡಿಸುತ್ತಿದ್ದವಳು, ಎದುರಿಗೆ ಲಾರಿ ಅಡ್ಡ ಬಂದರೂ ಕೈ ನಡುಗದ ಹೆಂಗಸು. ಆದರೆ ಆ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದು, ಸಾಲಾಗಿ ತೂಗುಬಿಟ್ಟ ಮದುವೆ ಗೌನುಗಳನ್ನು ಕಂಡದ್ದೇ ತಡ, ಬಾಯಿ ಒಣಗಿತ್ತು. ವಯಸ್ಸು ನಲವತ್ತೊಂಬತ್ತು. ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚು. ‘ಇಲ್ಲಮ್ಮ, ಮದುವೆ ನಂದೇ’ ಅಂತ ಈ ಚಿಕ್ಕ ಹುಡುಗಿಯ ಎದುರು ಹೇಗೆ ಹೇಳುವುದು? ನಾಲಿಗೆ ತಾನಾಗಿ ಸುಲಭದ ದಾರಿ ಹಿಡಿದಿತ್ತು.

ಜೊತೆಗೆ ಬಂದಿದ್ದ ಅವಳ ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಅಮ್ಮನಿಗೆ ಕಿವಿ ಮಂದ. ಸದ್ಯ, ಕೇಳಿಸಿರಲಿಲ್ಲ.

ಮದುವೆ ಗೊತ್ತಾಗಿ ತಿಂಗಳಾಗಿತ್ತು, ಅಷ್ಟೆ. ಗಂಡು ಕನ್ನಡಕದ ಅಂಗಡಿಯವನು. ಆರು ವರ್ಷದಿಂದ ದಿನಾ ಮೊದಲ ಸ್ಟಾಪಿನಲ್ಲಿ ಹತ್ತಿ, ಡ್ರೈವರ್ ಸೀಟಿನ ಹಿಂದಿನ ಸೀಟಲ್ಲೇ ಕೂರುತ್ತಿದ್ದ. ಒಂದು ಸಂಜೆ ಕೊನೇ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ್ದ: "ದಿನಾ ನಿಮ್ಮ ಬೆನ್ನು ನೋಡಿ ನೋಡಿ ಸಾಕಾಗಿದೆ. ಇನ್ನು ಮುಖ ನೋಡ್ತಾ ಕೂರೋಣ ಅಂತ ಆಸೆ." ಇವಳು, "ಇಳೀರಿ ಮೊದ್ಲು, ಬಸ್ಸು ಡಿಪೋಗೆ ಹೋಗ್ಬೇಕು" ಅಂದಿದ್ದಳು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಸ್ಟಾಪಿನಲ್ಲಿ ಬಾಗಿಲು ತೆಗೆದವಳೇ, ರಸ್ತೆ ನೋಡುತ್ತಲೇ "ಆಗ್ಲಿ" ಅಂದಿದ್ದಳು.

ಬಟ್ಟೆಯ ವಿಷಯಕ್ಕೆ ತಂಗಿ ನಿನ್ನೆಯೇ ಫೋನು ಮಾಡಿ ಪಾಠ ಹೇಳಿದ್ದಳು. "ಬೂದು ಬಣ್ಣ ತಗೋ ಅಕ್ಕಾ. ಇಲ್ಲಾ ತಿಳಿ ಕಂದು. ವಯಸ್ಸಿಗೆ ಒಪ್ಪೋ ಹಾಗಿರ್ಲಿ. ನಾಳೆ ಜನ ಆಡ್ಕೋಬಾರ್ದು ನೋಡು." ಸರಿ ಎಂದಿದ್ದಳು ಇವಳು. ಅದಕ್ಕೆಂದೇ ಬಂದಿದ್ದು.

"ಮಗಳಿಗೆ ಯಾವ ಬಣ್ಣ ಇಷ್ಟ ಮೇಡಂ?" ಹುಡುಗಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ನಿಂತಿದ್ದಳು.

ತನಗಾಗಿದ್ದರೆ ‘ಬೂದು’ ಅನ್ನುತ್ತಿದ್ದಳು. ಇಲ್ಲದ ಮಗಳಿಗೆ ಯಾಕೆ ಜಿಪುಣತನ?

"ಕೆಂಪು," ಎಂದಳು. "ಕಣ್ಣಿಗೆ ಹೊಡೆಯೋ ಕೆಂಪಲ್ಲ. ದಾಳಿಂಬೆ ಕಾಳಿನ ಥರದ್ದು."

"ಕತ್ತು?"

"ಸ್ವಲ್ಪ ಇಳಿದಿರ್ಲಿ. ಅವಳ ಕತ್ತು ಚೆನ್ನಾಗಿದೆ." ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

"ತೋಳು?"

"ತೋಳು ಮಾತ್ರ ಉದ್ದ ಬೇಕು. ಒಂದು ಕೈ ಬಿಸಿಲಿಗೆ ಕಪ್ಪಾಗಿದೆ."

"ಒಂದೇ ಕೈಯಾ?"

"ಹೂಂ... ಕಿಟಕಿ ಪಕ್ಕ ಕೂತ್ಕೊಂಡು ಕೆಲಸ ಅವಳದು."

ಹುಡುಗಿ ಒಳಗೆ ಹೋಗಿ, ಎರಡೂ ಕೈಗಳ ಮೇಲೆ ಒಂದು ಗೌನು ಹೊತ್ತು ತಂದಳು. ದಾಳಿಂಬೆಯ ಬಣ್ಣವೇ. ಬೆನ್ನಿನುದ್ದಕ್ಕೂ ಬಟ್ಟೆ ಸುತ್ತಿದ ಪುಟ್ಟ ಪುಟ್ಟ ಗುಂಡಿಗಳು. "ಅಳತೆ ಹೇಗೆ ಮೇಡಂ?"

"ನನ್ನಷ್ಟೇ ಎತ್ತರ. ನನ್ನಷ್ಟೇ... ದಪ್ಪ."

"ಹಾಗಾದ್ರೆ ನಿಮಗೇ ಹಿಡಿದು ನೋಡ್ತೀನಿ," ಎಂದು ಹುಡುಗಿ ಅದನ್ನು ಅವಳ ಭುಜಕ್ಕೆ ಆನಿಸಿ ಹಿಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ ಜೋರಾಗಿ ಕೇಳಿದಳು: "ಅಜ್ಜೀ, ಮೊಮ್ಮಗಳಿಗೆ ಈ ಬಣ್ಣ ಒಪ್ಪುತ್ತಾ?"

"ಯಾವ ಮೊಮ್ಮಗಳು?"

"ಮದುಮಗಳು ಅಜ್ಜಿ!"

"ಮದುಮಗಳು ನಿನ್ನ ಮುಂದೇನೇ ಕಂಬದ ಹಾಗೆ ನಿಂತಿದ್ದಾಳಲ್ಲೇ! ಕಣ್ಣು ಸರಿ ಇದ್ಯಾ ನಿಂಗೆ? ಇವಳನ್ನ ಮಾಡ್ಕೊಳ್ಳೋನು ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಹೋಗಿ ತೋರಿಸ್ಕೋ!"

ಡ್ರೈವರಮ್ಮನ ಕಿವಿ ಕೆಂಡವಾಯಿತು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳೇನೋ. "ಸುಳ್ಳು ಹೇಳ್ಬಿಟ್ಟೆ ಕಣಮ್ಮ," ಎಂದಳು ತಗ್ಗಿದ ದನಿಯಲ್ಲಿ. "ನಾಚಿಕೆ ಆಯ್ತು. ಅದನ್ನ ಒಳಗಿಡು. ಬೂದು ಬಣ್ಣದ್ದು ಏನಾದ್ರೂ ಇದ್ರೆ ಕೊಡು, ತಗೊಂಡು ಹೊರಟುಬಿಡ್ತೀವಿ."

ಹುಡುಗಿ ನಗಲಿಲ್ಲ. ಬೂದು ಬಣ್ಣದ ಗೌನು ತಂದು ಕೆಂಪಿನ ಪಕ್ಕದಲ್ಲೇ ನೇತುಹಾಕಿದಳು. ಕೆಂಪನ್ನು ಮಾತ್ರ ಒಳಗಿಡಲಿಲ್ಲ.

ಅಮ್ಮ ಬೂದು ಗೌನನ್ನು ಮೇಲಿಂದ ಕೆಳಗೆ ನೋಡಿದಳು. "ಇದ್ಯಾಕೆ? ಡ್ಯೂಟಿಗೆ ಹೋಗೋಕಾ?"

"ವಯಸ್ಸಿಗೆ ತಕ್ಕ ಹಾಗೆ ಇರ್ಲಿ ಅಂತ ಅಮ್ಮಾ," ಎಂದು ಇವಳು ಅಮ್ಮನ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ವಯಸ್ಸಂತೆ ವಯಸ್ಸು! ಊರು ಹೋಗು, ಕಾಡು ಬಾ ಅಂತಿರೋದು ನನ್ನನ್ನ, ನಿನ್ನನ್ನಲ್ಲ." ಅಮ್ಮ ಮಂಡಿಯ ಮೇಲಿನ ತನ್ನ ಕೈಗಳನ್ನು ನೋಡಿಕೊಂಡಳು. ಮತ್ತೆ ಮಾತಾಡಿದಾಗ ಎಂದಿನ ಜೋರು ದನಿ ಇರಲಿಲ್ಲ. "ನಿನ್ನ ತಂಗಿ ಮದುವೆಗೆ ಬಟ್ಟೆ ತರೋವಾಗ, ನಿಂಗೂ ಒಂದು ತಗೊಳ್ಳೋಣ ಅಂದೆ. ಯೂನಿಫಾರಂ ಇದ್ಯಲ್ಲ ಬಿಡಮ್ಮ ಅಂದೆ ನೀನು. ನಾನೂ ಸುಮ್ನಾದೆ. ಸುಮ್ನಾಗಬಾರ್ದಿತ್ತು."

ಡ್ರೈವರಮ್ಮನಿಗೆ ಆ ಮಾತು ಮರೆತೇ ಹೋಗಿತ್ತು. ಅಮ್ಮ ಹದಿನೈದು ವರ್ಷ ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಇದ್ದಳೆಂದು ಯಾರಿಗೆ ಗೊತ್ತು? ಕೆಂಪು ಗೌನನ್ನು ಕೈಗೆತ್ತಿಕೊಂಡು ಪರದೆಯ ಹಿಂದೆ ಹೋದಳು.

ಒಳಗೆ ಇಕ್ಕಟ್ಟು. ಒಂದು ಮೊಳೆ, ಒಂದು ಸ್ಟೂಲು. ಗೌನು ತಲೆಯ ಮೇಲಿಂದ ತಣ್ಣಗೆ ಇಳಿಯಿತು. ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿ, ಇಲ್ಲದ ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡಿದಳು. ಭುಜ ಎಲ್ಲೂ ಹಿಡಿಯಲಿಲ್ಲ. ತನಗೆ ತಾನೇ ನಕ್ಕಳು. ಅಷ್ಟರಲ್ಲಿ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು.

"ಬೂದು ಬಣ್ಣದ್ದು ಸಿಕ್ತಾ ಅಕ್ಕಾ?" ತಂಗಿ ಕೇಳಿದಳು.

"ಸಿಕ್ತು ಕಣೇ."

"ಅಬ್ಬ! ತಗೊಂಡ್ಯಾ?"

"ಇಲ್ಲ. ಅಲ್ಲೇ ನೇತಾಡ್ತಿದೆ."

ತಂಗಿ ಹುಷಾರಾಗಿ ಕೇಳಿದಳು, "ಮತ್ತೆ ಯಾವ ಬಣ್ಣ?"

"ಮದುವೆ ದಿನ ಬಾ, ನೋಡುವೆಯಂತೆ," ಎಂದು ಫೋನಿಟ್ಟಳು. ಬೆನ್ನು ತೆರೆದೇ ಇದ್ದ ಗೌನನ್ನು ಎದೆಗೆ ಒತ್ತಿ ಹಿಡಿದು ಹೊರಗೆ ಬಂದು, ದೊಡ್ಡ ಕನ್ನಡಿಯ ಮುಂದೆ ನಿಂತಳು.

ಹುಡುಗಿ ಗುಂಡಿ ಹಾಕಲು ಮುಂದೆ ಬಂದಳು. ಅಷ್ಟರಲ್ಲಿ ಅಮ್ಮ ಕುರ್ಚಿಯ ಹಿಡಿಕೆ ಊರಿ ಎದ್ದು, ಮಂಡಿಯನ್ನು ಬೈದುಕೊಳ್ಳುತ್ತಾ ನಡೆದು ಬಂದಿದ್ದಳು. "ಬಿಡು, ನಾನು ಹಾಕ್ತೀನಿ."

ಅವಳ ಬೆರಳುಗಳ ಗೆಣ್ಣುಗಳು ಗಂಟುಗಟ್ಟಿದ್ದವು. ಮೊದಲನೆಯ ಗುಂಡಿಗೇ ತುಂಬಾ ಹೊತ್ತು ಹಿಡಿಯಿತು. ಮೂರನೆಯದು ಸಿಕ್ಕಿದಂತಾಗಿ ಜಾರಿತು. ಹುಡುಗಿ ಮತ್ತೆ ಕೈ ಚಾಚಿದಳು. ಡ್ರೈವರಮ್ಮ ಕನ್ನಡಿಯೊಳಗಿಂದಲೇ ಬೇಡವೆಂದು ತಲೆಯಾಡಿಸಿದಳು.

"ಅಲ್ಲಾಡ್ಬೇಡ, ನೆಟ್ಟಗೆ ನಿಂತ್ಕೋ," ಎಂದು ಅಮ್ಮ ಗದರಿದಳು.

ಅವಳು ನೆಟ್ಟಗೆ ನಿಂತಳು. ಬೆನ್ನಿಗೆ ಅಮ್ಮನ ಉಸಿರು ಬೆಚ್ಚಗೆ ತಾಗುತ್ತಿತ್ತು. ಇನ್ನೂ ಹನ್ನೊಂದು ಗುಂಡಿ ಬಾಕಿ ಇದ್ದವು.