ಆಮೆಯ ಪಕ್ಕದಲ್ಲಿ ಅಂಗಾತ

ಮತ್ತೆ ಊರುತ್ತಿದೆ ಎಣ್ಣೆ, ಫಿಲ್ಟರ್ ಡಬ್ಬದ ಅಂಚಿನಲ್ಲಿ, ಮೊದಲು ಬರೀ ಒಂದು ಮಿನುಗು, ಆಮೇಲೆ ಹೊಟ್ಟೆ ತುಂಬಿಕೊಂಡು ದುಂಡಗಾಗಿ, ಬೀಳಲೋ ಬೇಡವೋ ಎಂದು ತೂಗಾಡಿ, ಟಪ್ — ಸರಿಯಾಗಿ ಮೇಸ್ತ್ರಿಯ ಹುಬ್ಬಿನ ಮೇಲೆ, ಬೀಳಲು ಇಷ್ಟಗಲ ಷೆಡ್ಡಿದೆ, ಈ ಎಣ್ಣೆಗೆ ಇವನ ಹುಬ್ಬೇ ಆಗಬೇಕು, ಗೋಣಿಚೀಲದ ಮೇಲೆ ಮಲಗಿದವನು ತೋಳಿನಿಂದ ಒರೆಸಿಕೊಂಡ, ಕಣ್ಣಿಗೆ ಇಳಿದಿದ್ದರೆ ಇನ್ನು ಉರಿ ಬೇರೆ, ಮೇಲೆ ಎಂಜಿನ್ನು ಗುಡುಗುಡು ಅನ್ನುತ್ತಿದೆ, ಏನೂ ಅರಿಯದ ಮಗುವಿನ ಹಾಗೆ, ಅದಕ್ಕೇನು, ಸೋರುವುದು ಅದರ ಕೆಲಸ, ಒರೆಸುವುದು ಇವನ ಕರ್ಮ, ಮತ್ತು ಸೀಟಿನ ಮೇಲಿಂದ ಹೆಂಡತಿಯ ದನಿ, ರೀ, ಮತ್ತೆ ಸೋರ್ತಿದೆಯಾ? ಇಲ್ಲ ಕಣೇ, ಹಳೇ ಎಣ್ಣೆ ಇಳೀತಿದೆ ಅಷ್ಟೇ. ಬಾಯಿಂದ ಬಂದೇಬಿಟ್ಟಿತು ಸುಳ್ಳು, ಎಣ್ಣೆಗಿಂತ ನುಣುಪಾಗಿ. ನಿನ್ನೆಯೂ ಹಳೇ ಎಣ್ಣೆ ಅಂದ್ರಿ. ನಿನ್ನೆ ಬೇರೆ ಹಳೇದು, ಇದು ಬೇರೆ ಹಳೇದು. ಅವಳು ನಕ್ಕಳೋ, ಗೊಣಗಿದಳೋ, ಚೈನ್ ಟ್ರ್ಯಾಕ್ಟರಿನ ಸದ್ದಿನಲ್ಲಿ ಹೇಗೆ ತಿಳಿಯಬೇಕು, ಆದರೆ ಎಂಜಿನ್ ನಿಂತಿತು, ಇದ್ದಕ್ಕಿದ್ದಂತೆ ಕಿವಿಯಲ್ಲಿ ಗವ್ವೆನ್ನುವ ಮೌನ, ಇಂಥ ಮೌನ ಬಂದರೆ ಅವಳು ಏನೋ ಲೆಕ್ಕ ಹಾಕುತ್ತಿದ್ದಾಳೆ ಎಂದೇ ಅರ್ಥ.

ಈ ಟ್ರ್ಯಾಕ್ಟರಿಗೆ ಆಮೆ ಎಂದು ಹೆಸರಿಟ್ಟವಳೂ ಅವಳೇ, ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ, ಅಪ್ಪನ ತೊಡೆಯ ಮೇಲೆ ಕೂತು ಲಿವರ್ ಎಳೆಯುತ್ತಿದ್ದ ಕಾಲಕ್ಕೆ, ಕೆಸರಲ್ಲಿ ಹೂತ ಲಾರಿಗಳನ್ನು ಇವತ್ತಿಗೂ ಇದೇ ಆಮೆಯಿಂದ ಎಳೆದು ಹಾಕುತ್ತಾಳೆ, ಲಾರಿಯವರು ಮೊದಲು ಹೆಂಗಸಾ ಅನ್ನುತ್ತಾರೆ, ಆಮೇಲೆ ಅಕ್ಕಾ ಅನ್ನುತ್ತಾರೆ, ಓಡಿಸುವುದು ಅವಳದು, ಬಿಚ್ಚಿ ಕಟ್ಟುವುದು ಇವನದು, ಮದುವೆ ಎಂದರೆ ಇವರಿಬ್ಬರಿಗೆ ಮೊದಲಿನಿಂದಲೂ ಅದೇ. ಅವಳಪ್ಪ, ಮಾವ, ಎಂಥಾ ಮನುಷ್ಯ, ಹೆಣ್ಣು ಕೇಳಲು ಹೋದವನನ್ನು ಕೂರಿಸಿ ಕಾಫಿ ಕೊಡುವುದು ಬಿಟ್ಟು ಷೆಡ್ಡಿಗೆ ಕರೆದೊಯ್ದು ದೀಪ ಆರಿಸಿದ್ದರು, ಹೂಂ, ತಡಕು, ಡಬ್ಬ ಕೂರೋ ಜಾಗದಲ್ಲಿ ಸುತ್ತ ಒಂದು ಕಾಲುವೆ ಇದೆ ನೋಡು, ರಬ್ಬರ್ ರಿಂಗು ಕೂರೋ ಕಾಲುವೆ, ಹಳೇ ರಿಂಗು ಅಲ್ಲೇ ಸುಟ್ಟು ಕಬ್ಬಿಣದ ಬಣ್ಣಕ್ಕೆ ತಿರುಗಿರುತ್ತೆ, ಕಣ್ಣಿಗೆ ಕಾಣಲ್ಲ, ಅದರ ಮೇಲೇ ಹೊಸದು ಹಾಕಿದ್ಯೋ, ಜನ್ಮವಿಡೀ ಸೋರುತ್ತೆ, ಬೆರಳಲ್ಲಿ ಹುಡುಕು. ಹುಡುಕಿದ್ದ. ಕತ್ತಲಲ್ಲಿ ಉಗುರಿಗೆ ಸಿಕ್ಕಿತ್ತು ಆ ಸಣ್ಣ ಏರು, ಕೂದಲೆಳೆಯಷ್ಟು, ಸಿಕ್ತು ಮಾವ ಎಂದಿದ್ದ, ಹೆಣ್ಣು ಕೊಡುವ ಮೊದಲೇ ಮಾವ ಎಂದುಬಿಟ್ಟಿದ್ದ, ಕತ್ತಲಲ್ಲಿ ಯಾರೋ ಕಿಸಕ್ಕೆಂದಿದ್ದರು, ಅವಳು ಬಾಗಿಲಲ್ಲೇ ನಿಂತಿದ್ದಳಲ್ಲ. ಈಗ ಹಗಲೇ ಇದೆ, ಬಾಗಿಲೂ ತೆರೆದಿದೆ, ಮತ್ತು ಡಬ್ಬ ಇಳಿಸಿ ಆ ಕಾಲುವೆಯಲ್ಲಿ ಬೆರಳು ಸುತ್ತಿಸಿದರೆ ಏನೂ ಇಲ್ಲ, ಹತ್ತಿಯಲ್ಲಿ ಸುತ್ತಿದ ಹಾಗೆ, ಬೆರಳು ಇದೆ ಕಾಲುವೆಯೂ ಇದೆ, ನಡುವೆ ಸುದ್ದಿ ಮಾತ್ರ ಇಲ್ಲ. ಡಾಕ್ಟರು ಹೇಳಿದ್ದರಲ್ಲ, ಸಕ್ಕರೆ ಹೆಚ್ಚಾದ್ರೆ ಹೀಗೇ ನರ ಸೋಲುತ್ತೆ, ಹೋದ ಸ್ಪರ್ಶ ಪೂರ್ತಿ ವಾಪಸ್ ಬರೋದು ಕಷ್ಟ ಮೇಸ್ತ್ರಿ, ಮನೆಗೆ ಬಂದು ಅವಳಿಗೆ ಹೇಳಿದ್ದು ಮಾತ್ರ, ಸಿಹಿ ಬಿಡಬೇಕಂತೆ. ಪೂರ್ತಿ ಹೇಳಿದರೆ? ಇವನು ಏಣಿಯಿಂದ ಒಮ್ಮೆ ಜಾರಿದ್ದಕ್ಕೆ ಏಣಿಯನ್ನೇ ಪಕ್ಕದ ಮನೆಗೆ ದಾನ ಮಾಡಿದವಳು, ಬೆರಳು ಸತ್ತಿದೆ ಎಂದರೆ ಸ್ಪ್ಯಾನರ್ ಪೆಟ್ಟಿಗೆ ಯಾರ ಮನೆ ಸೇರುತ್ತದೋ, ಇವನನ್ನು ಆಮೆಯ ಹತ್ತಿರ ಸುಳಿಯಲು ಬಿಡುವುದಿಲ್ಲ, ಮತ್ತೆ ಏನು ಮಾಡುವುದು, ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಹೋಗಿಬರುವವರನ್ನು ನೋಡುವುದೇ? ಅದಕ್ಕೇ ರಿಂಗಿನ ಮೇಲೆ ರಿಂಗು ತಂದ, ನಡುಬೋಲ್ಟಿನ ತಾಮ್ರದ ವಾಷರ್ ಬದಲಿಸಿದ, ಬಿಗಿದ, ಇನ್ನೂ ಬಿಗಿದ, ಬಿಡಿಭಾಗದ ಅಂಗಡಿಯವನು ಕೇಳಿಯೇಬಿಟ್ಟ, ಏನ್ ಮೇಸ್ತ್ರಿ, ರಿಂಗು ಮನೇಲಿ ಸಾರಿಗೆ ಹಾಕ್ತೀರಾ?

ಅವಳು ಇಳಿದಳು, ಚಪ್ಪಲಿ ಕಂಡಿತು, ಆಮೇಲೆ ಮಂಡಿ, ಆಮೇಲೆ ಮುಖ, ಅಡ್ಡಡ್ಡವಾಗಿ, ಈ ವಯಸ್ಸಿನಲ್ಲೂ ಅಡ್ಡಡ್ಡ ನೋಡಿದರೆ ಎಷ್ಟು ಚೆಂದ, ಹೇಳಿದರೆ ಒದೆಯುತ್ತಾಳೆ. ಹೊಸ ಮೆಕ್ಯಾನಿಕ್‌ನ ಕರೆಸಲಾ? ಅವಳು ಮೆಲ್ಲಗೆ ಕೇಳಿದ್ದೇ ಇವನಿಗೆ ಚುಚ್ಚಿತು, ಗಟ್ಟಿಯಾಗಿ ಬೈದಿದ್ದರೆ ಉತ್ತರ ಸಿದ್ಧವಿತ್ತು. ಡಬ್ಬವನ್ನು ಎದೆಯ ಮೇಲೆ ಇಟ್ಟುಕೊಂಡ, ಎಣ್ಣೆ ಅಂಗಿಗೆ ಇಳಿಯುತ್ತಿದೆ, ಇಳಿಯಲಿ, ಹೇಳು, ಹೇಳಿಬಿಡು ಮಾರಾಯ. ಕೈ ಕೊಡ್ತೀಯಾ ಸ್ವಲ್ಪ, ಎಂದ. ಏಳೋಕಾ? ಅಲ್ಲ, ತಡಕೋಕೆ, ನಂಗೆ, ಬೆರಳಿಗೆ ತಿಳೀತಾ ಇಲ್ಲ. ಆಗಿಹೋಯಿತು, ಪೆಟ್ಟಿಗೆ ಹೋಯಿತು, ಕಿಟಕಿ ಬಂತು. ಅವಳು ಗೋಣಿಚೀಲದ ಮೇಲೆ ಇವನನ್ನು ಒತ್ತರಿಸಿ ಮಲಗಿದಳು, ಸರೀರಿ ಆ ಕಡೆ, ನಿಮ್ಮ ಅಂಗಿ ಗುಂಡಿ ಇಷ್ಟು ದಿನ ಯಾರು ಹಾಕ್ತಿದಾರೆ ಅಂದ್ಕೊಂಡ್ರಿ, ಅದಾಗೇ ಹೋಗಿ ಕೂತ್ಕೊಳುತ್ತಾ? ಗೊತ್ತಿತ್ತಾ ನಿಂಗೆ? ಗೊತ್ತಿತ್ತು, ಯಾವಾಗ ಬಾಯಿ ಬಿಡ್ತೀರಿ ಅಂತ ಕಾಯ್ತಿದ್ದೆ, ಬೈಬೇಡಿ, ಎಲ್ಲಿ ತಡಕಲಿ ಹೇಳಿ. ಬೈಯದೆ ಈ ಕೆಲಸ ಆಗಲ್ಲ ಕಣೇ. ಹಾಗಾದ್ರೆ ಮೆಲ್ಲಗೆ ಬೈರಿ. ಎಡಕ್ಕೆ, ಒಳಗೆ, ಎಡ ಅಂದ್ರೆ ಎಡ, ನಿನ್ನ ಎಡ ಯಾವಾಗ ಬಲ ಆಯ್ತು, ಹೂಂ, ಸುತ್ತಿಸು, ಮೆತ್ತಗೆ — ಅವಳ ಉಸಿರು ಇವನ ಕಿವಿಯ ಬಳಿ ನಿಂತಿತು, ಇಲ್ಲೇನೋ ಇದೆ ರೀ, ಒಂದು ಸಣ್ಣ ಏರು. ಕೂದಲಷ್ಟಾ? ಕೂದಲಷ್ಟು. ಸುಟ್ಟ ಹಳೇ ರಿಂಗು, ಸ್ಕ್ರೂಡ್ರೈವರ್ ಬೇಡ, ಗೀರು ಬೀಳುತ್ತೆ, ಮರದ ಕಡ್ಡಿ ತಗೋ, ಕೆರಿ, ಚೂರುಚೂರಾಗಿ ಬಂತು, ಇಬ್ಬರ ಮುಖದ ಮೇಲೂ ಕಪ್ಪು ಹುಡಿ, ಹೊಸ ರಿಂಗಿಗೆ ಎಣ್ಣೆ ಸವರಿ ಕೂರಿಸಿದವಳು ಅವಳು, ಡಬ್ಬ ಮೇಲಿಟ್ಟು ಬೋಲ್ಟ್ ಬಿಗಿದವನು ಇವನು, ಬೆರಳು ಸತ್ತರೂ ಮಣಿಕಟ್ಟಿಗೆ ಇನ್ನೂ ಗೊತ್ತಿದೆ ಎಲ್ಲಿ ನಿಲ್ಲಿಸಬೇಕೆಂದು, ಅವಳೂ ನೋಡುತ್ತಿದ್ದಳು, ಸ್ಪ್ಯಾನರ್ ಕೇಳಲಿಲ್ಲ. ಎದ್ದುಹೋಗಿ ಎಂಜಿನ್ ಶುರು ಮಾಡಿದಳು, ಗುಡುಗುಡು, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೇಲೇರಿತು ಎಂದು ಕೂಗಿ ಹೇಳಿ ಮತ್ತೆ ಬಂದು ಪಕ್ಕದಲ್ಲಿ ಮಲಗಿದಳು, ಇಬ್ಬರೂ ಮೇಲೆ ನೋಡುತ್ತ, ನಕ್ಷತ್ರ ನೋಡುವವರ ಹಾಗೆ, ಅಂಚು, ಬರೀ ಅಂಚು, ಈಗ ಮಿನುಗುತ್ತದೆ, ಈಗ ಹೊಟ್ಟೆ ಬರುತ್ತದೆ, ಈಗ ತೂಗುತ್ತದೆ, ಅಥವಾ ತನ್ನ ಕಣ್ಣೇ ಹಾಗೆ ಕಾಣಿಸುತ್ತಿದೆಯೋ, ಮುಟ್ಟಿ ನೋಡಿದರೆ ತಿಳಿಯುತ್ತಿತ್ತು, ಮುಟ್ಟಿದರೂ ತಿಳಿಯುವುದಿಲ್ಲವಲ್ಲ, ಅಷ್ಟರಲ್ಲಿ ಅವಳು ಬೆರಳನ್ನು ಇವನ ಅಂಗಿಯ ಒಣ ಚುಂಗಿಗೇ ಚೆನ್ನಾಗಿ ಒರೆಸಿ, ಚಾಚಿ, ಆ ಅಂಚಿನುದ್ದಕ್ಕೂ ಒಂದು ಸುತ್ತು ಎಳೆದು, ಇವನ ಮೂಗಿನ ಮುಂದೆ ತಂದು ಹಿಡಿದಳು, ಬೆರಳು, ಉಗುರಿನ ಸಂದಿಯಲ್ಲಿ ಕಪ್ಪು, ತುದಿ ಒಣಗಿದೆ, ಅವಳ ಬೆರಳು, ಒಣಗಿದ ತುದಿ —