ದೋಣಿಯ ಬಿರಡೆ

"ಲೋ ಡೆಲ್ಮರ್, ನಾವು ಬಂದಿರೋದು ಮೀನು ಹಿಡಿಯೋಕೋ, ಮೀನಿನ ಜೊತೆ ಈಜೋಕೋ?"

ಕರ್ಟ್ ಒಂದು ಕಾಲೆತ್ತಿ ತೋರಿಸಿದ. ಬೂಟಿನಿಂದ ನೀರು ಸುರಿಯುತ್ತಿತ್ತು. ಎರೆಹುಳುವಿನ ಡಬ್ಬಿ ದೋಣಿಯೊಳಗೇ ತೇಲುತ್ತ ವರ್ನ್‌ನ ಕಡೆ ಬಂತು.

ದೋಣಿಯ ಹಿಂಬದಿಯ ತೂತಿಗೆ ಬಿರಡೆ ಹಾಕಿರಲಿಲ್ಲ. ಮನೆಗೆ ಹೊರಡುವಾಗ ನೀರು ಬಸಿಯಲೆಂದು ಅದನ್ನು ತೆಗೆಯುವುದು, ಮುಂದಿನ ಸಲ ದೋಣಿ ಇಳಿಸುವ ಮೊದಲು ತಿರುಗಿಸಿ ಬಿಗಿಯುವುದು, ಎರಡೂ ಮೂವತ್ತು ವರ್ಷದಿಂದ ಡೆಲ್ಮರ್‌ನ ಕೆಲಸ. ದೋಣಿ ಅವನದು, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

"ಬಿರಡೆ ಎಲ್ಲೋ?" ವರ್ನ್ ಕೇಳಿದ.

"ಹಾಕಿದೀನಲ್ಲ," ಎಂದ ಡೆಲ್ಮರ್.

ಅದರ ಹಿತ್ತಾಳೆಯ ಹಿಡಿ ಅವನ ಅಂಗಿಯ ಜೇಬಿನಿಂದಲೇ ಇಣುಕುತ್ತಿತ್ತು. ವರ್ನ್ ಅದನ್ನು ತೆಗೆದುಕೊಂಡು, ಹಿಂದಕ್ಕೆ ಬಾಗಿ, ತಣ್ಣನೆಯ ನೀರಿಗೆ ಭುಜದವರೆಗೂ ಕೈಯಿಳಿಸಿ ಬಿಗಿದ. ದೋಣಿಯೊಳಗಿನ ನೀರು ಹೊರಹಾಕುವ ಪಂಪು ಗೊರಗೊರ ಶುರುವಾಯಿತು.

"ಅಯ್ಯೋ, ಬಿಡು ಮಾರಾಯ," ಎಂದ ಕರ್ಟ್. "ನಾನು ಒಂದ್ಸಲ ದೋಣಿ ಕಟ್ಟಿದ ಪಟ್ಟಿ ಬಿಚ್ಚೋದು ಮರೆತು ಟ್ರೇಲರನ್ನೂ ಸೇರಿಸಿ ಕೆರೆಗೆ ಬಿಟ್ಟಿರಲಿಲ್ವಾ?"

ವರ್ನ್ ಕೂಡ ನಕ್ಕ. ನಗಬೇಕೆಂದೇ ನಕ್ಕ. ಬೆಳಿಗ್ಗೆ ಕಾಫಿಯ ಫ್ಲಾಸ್ಕು ಕೊಡುವಾಗ ಡೆಲ್ಮರ್‌ನ ಹೆಂಡತಿ ಅರ್ಡಿಸ್ ದನಿ ತಗ್ಗಿಸಿ ಹೇಳಿದ್ದಳು: "ಇವತ್ತೊಂದಿನ ಅವನನ್ನ ಗಮನಿಸು ವರ್ನ್. ನೀನು ಬಾಯಿಬಿಟ್ಟು ಏನೂ ಹೇಳೋದು ಬೇಡ. ವಾಪಸ್ ಬರುವಾಗ ಪಿಕಪ್ ಯಾರು ಓಡಿಸ್ತಿದೀರಿ ಅಂತ ಅಡುಗೆಮನೆ ಕಿಟಕಿಯಿಂದ ನೋಡ್ತೀನಿ. ನೀನಾದರೆ, ಬೀಗದಕೈ ಇನ್ಮೇಲೆ ನನ್ನ ಹತ್ರ ಇರುತ್ತೆ."

ಅಷ್ಟರಲ್ಲಿ ಅಣೆಕಟ್ಟಿನ ಕಲ್ಲುದಂಡೆಯ ಬಳಿ ಬಿಳಿ ಹಕ್ಕಿಗಳು ಮುಗಿಬಿದ್ದವು. ನೀರು ಕುದಿಯುವಂತೆ ಕಾಣಿಸಿತು. ಮರಿಮೀನುಗಳನ್ನು ಅಟ್ಟಿಸಿಕೊಂಡು ವೈಪರ್ ಮೀನಿನ ಹಿಂಡು ಮೇಲೆದ್ದಿತ್ತು. ಡೆಲ್ಮರ್ ಬೇರೆಯೇ ಮನುಷ್ಯನಾದ. ಗಾಳಿ ನೋಡಿ ಮೋಟಾರು ನಿಲ್ಲಿಸಿ, ದೋಣಿ ತಾನಾಗಿ ತೇಲಿಹೋಗುವ ಹಾಗೆ ಮಾಡಿ, ಗಾಳ ಬೀಸಿದ. ಕೋಲು ಬಾಗಿತು, ರೀಲು ಚೀರಿತು.

"ಬಲೆ! ಬಲೆ ತರ್ರೋ ಸೋಮಾರಿಗಳಾ! ಏನ್ ಬಾಯಿಬಿಟ್ಕೊಂಡು ನೋಡ್ತಿದೀರಾ?"

ಬೆಳ್ಳಿ ಮೈ, ತುಂಡುತುಂಡು ಕಪ್ಪುಗೆರೆ, ತೋಳುದ್ದದ ವೈಪರ್. ಆಮೇಲೆ ವರ್ನ್‌ಗೆ ಒಂದು ವಾಲೈ ಮೀನು ಸಿಕ್ಕಿತು. ಡೆಲ್ಮರ್ ಅಳತೆಯ ಹಲಗೆ ಮುಟ್ಟದೆಯೇ, "ಕಾನೂನಿನ ಅಳತೆಗೆ ಒಂದಿಂಚು ಕಮ್ಮಿ, ಬಿಡು," ಎಂದ. ವರ್ನ್ ಅಳೆದ. ಸರಿಯಾಗಿ ಒಂದಿಂಚು ಕಮ್ಮಿ. ಗಾಜುಗಣ್ಣಿನ ಆ ಮೀನನ್ನು ನೀರಿಗೆ ಬಿಡುವಾಗ ವರ್ನ್‌ನ ಎದೆ ಹಗುರವಾಯಿತು. ಇವನೇ ಓಡಿಸಲಿ, ಅಂದುಕೊಂಡ.

ನಾಲ್ಕೂವರೆಗೆ ದಡ ಮುಟ್ಟಿದರು. ಪಿಕಪ್ ತರಲು ಡೆಲ್ಮರ್ ಮೇಲೆ ಹೋದ. ಟ್ರೇಲರ್ ಕಟ್ಟಿದ್ದ ತನ್ನ ಕಂದು ಪಿಕಪ್ಪಿನ ಪಕ್ಕದಲ್ಲೇ ಹಾದು, ಆಚೆಗಿದ್ದ ಬಿಳಿಯದರ ಬಾಗಿಲಿಗೆ ಬೀಗದಕೈ ತೂರಿಸಿದ. ತಿರುಗಿಸಿದ. ಮತ್ತೆ ತಿರುಗಿಸಿದ. ಒಳಗೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಹೆಂಗಸು ಅಗಿಯುವುದನ್ನು ನಿಲ್ಲಿಸಿ ಗಾಜಿನಾಚೆಯಿಂದ ನೋಡುತ್ತಿದ್ದಳು.

ಕರ್ಟ್ ಏನೋ ತಮಾಷೆಗೆ ಬಾಯಿ ತೆರೆದವನು ಮುಚ್ಚಿಕೊಂಡ. "ನೀನು ಹೋಗೋ," ಎಂದ ಮೆಲ್ಲಗೆ. "ನನ್ನ ಕೈಲಾಗಲ್ಲ."

ವರ್ನ್ ಹೋಗಿ ಕೈಚಾಚಿದ. "ಕೊಡು, ಇವತ್ತು ನಾನು ಓಡಿಸ್ತೀನಿ. ನಿನ್ನ ಭುಜ ನೋಯ್ತಿರಬೇಕು."

"ನನಗೆಲ್ಲಿ ನೋವು?" ಎಂದ ಡೆಲ್ಮರ್. ಆದರೂ ಕೊಟ್ಟ.

ದೋಣಿ ಟ್ರೇಲರ್ ಏರಿದ ಮೇಲೆ, ಯಾರೂ ಹೇಳದೆ, ಅವನೇ ಬಗ್ಗಿ ಬಿರಡೆ ತೆಗೆದು ಜೇಬಿಗೆ ಹಾಕಿಕೊಂಡ.

ದಾರಿಯಲ್ಲಿ ಕರ್ಟ್ ಹಿಂದಿನ ಸೀಟಿನಲ್ಲಿ ಒದ್ದೆ ಬೂಟು ಬಿಚ್ಚುತ್ತ ಕೂತಿದ್ದ. ಗೋದಿ ಉಗ್ರಾಣದ ಗೋಪುರ ಕಂಡಾಗ ಡೆಲ್ಮರ್ ಹೇಳಿದ: "ಅಲ್ಲಿ ನಿಲ್ಲಿಸು ವರ್ನ್. ಅಂಗಳದೊಳಗೆ ನಾನೇ ತಗೊಂಡು ಹೋಗ್ತೀನಿ. ಈ ಸೀಟಲ್ಲಿ ಅರ್ಡಿಸ್ ನನ್ನ ನೋಡೋದು ಬೇಡ ಕಣೋ."

ವರ್ನ್‌ನ ಕಾಲು ಬ್ರೇಕಿನ ಮೇಲೆ ಬಂತು. ಉಗ್ರಾಣ ಹತ್ತಿರವಾಯಿತು, ಪಕ್ಕಕ್ಕೆ ಬಂತು, ಹಿಂದಾಯಿತು.

ಡೆಲ್ಮರ್ ಜೇಬಿನಿಂದ ಬಿರಡೆ ತೆಗೆದು ಮುಂದಿನ ಗಾಜಿನ ಕೆಳಗಿನ ಹಲಗೆಯ ಮೇಲಿಟ್ಟ. ಮನೆಯ ತಿರುವಿನಲ್ಲಿ ಅದು ಉರುಳುತ್ತ ವರ್ನ್‌ನ ಕಡೆಗೆ ಬಂದು ನಿಂತಿತು.

ಅಡುಗೆಮನೆಯ ಕಿಟಕಿಯ ಪರದೆ ಒಂದು ಗೇಣು ಸರಿದಿತ್ತು. ಟ್ರೇಲರ್ ನಿಲ್ಲುವವರೆಗೂ ಹಾಗೇ ಇದ್ದು, ಆಮೇಲೆ ಮುಚ್ಚಿಕೊಂಡಿತು.